ಹೆಸರು ಸಿನಿಮಾದ್ದು, ರೊಕ್ಕ ಲಗ್ನಪತ್ರಿಕೆಯದ್ದು!

ಪಿಯುಸಿ ಅರ್ಧಕ್ಕೇ ಬಿಟ್ಟ ನನ್ನನ್ನು ಬೆಳಗಾವಿಯ ಸದಾಶಿವನಗರದಲ್ಲಿ ಎಲ್ಲರೂ ‘ಸಿನಿಮಾ ಪತ್ರಕರ್ತ’ ಅಂತಾರೆ. ಆದರೆ ಸಿನಿಮಾ ಬರೆದರೆ ಸಿಗೋದು ಚಹಾದ ಖರ್ಚು ಅಷ್ಟೇ! ಮನೆಬಾಡಿಗೆ ಕಟ್ಟೋದು ಲಗ್ನಪತ್ರಿಕೆ. ಇಲ್ಲಿ ಎಷ್ಟೋ ಮದುವೆಗಳಿಗೆ ಕನ್ನಡ, ಮರಾಠಿ ಎರಡರಲ್ಲೂ ಪತ್ರಿಕೆ ಬೇಕು. ಬರೆದು ತಿದ್ದಿಕೊಟ್ಟರೆ ಪ್ರೆಸ್ಸಿನವರು ಕೈಗೆ ರೊಕ್ಕ ಇಡ್ತಾರೆ. ಆಷಾಢ ಬಂತೋ, ಜೇಬು ಖಾಲಿ.

ನಾಚಿಕೆ ಯಾಕೆ ಮಿತ್ರರೇ? ಮಲ್ಟಿಪ್ಲೆಕ್ಸ್‌ನವರೂ ಟಿಕೆಟ್ ದುಡ್ಡನ್ನು ವಿತರಕರ ಜೊತೆ ಹಂಚಿಕೊಳ್ಳಬೇಕು. ಪಾಪ್‌ಕಾರ್ನ್ ದುಡ್ಡಿನಲ್ಲಿ ವಿತರಕರಿಗೆ ಪಾಲಿಲ್ಲ!

2020ರಲ್ಲಿ ಮಾತ್ರ ಎರಡೂ ಕೈ ಕೊಟ್ಟವು. ಥಿಯೇಟರಿಗೆ ಬೀಗ, ಮದುವೆಗೆ ಐವತ್ತೇ ಜನ. ಐವತ್ತು ಜನಕ್ಕೆ ಪತ್ರಿಕೆ ಯಾರು ಅಚ್ಚು ಹಾಕಿಸ್ತಾರೆ?

“ನಿನ್ನ ಖರೇ ಕೆಲಸ ಯಾವುದೋ ಮಗನ?” ಅಂದಳು ಅವ್ವ.

ಮರುದಿನ ಓಣಿಯವರಿಗೆ ಅರ್ಜಿ ಬರೆದುಕೊಡೋಕೆ ಕೂತೆ. ಒಂದಕ್ಕೆ 20 ರೂಪಾಯಿ.