ಹುಲ್ಲು ಕಾಯುವ ನೀರುನಾಯಿ

ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಕಯಾಕ್‌ನಲ್ಲಿ ಹುಟ್ಟು ಹಾಕುತ್ತಿದ್ದ ನನಗೆ ಮೊದಲು ಕೇಳಿಸಿದ್ದು ಸದ್ದು. ಟಕ್, ಟಕ್, ಟಕ್. ಕಡಲ ನೀರುನಾಯಿಯೊಂದು ಅಂಗಾತ ತೇಲುತ್ತಾ, ಎದೆಯ ಮೇಲೆ ಕಲ್ಲಿಟ್ಟುಕೊಂಡು ಚಿಪ್ಪು ಕುಟ್ಟುತ್ತಿತ್ತು. ತುಂಗಭದ್ರೆಯ ದಡದಲ್ಲಿ ಇದರ ಬಂಧುವನ್ನು ಬಲೆ ಹರಿಯುವ ಕಳ್ಳನೆಂದು ಬೈಯುವುದನ್ನು ಕೇಳಿದ್ದೇನೆ. ಇಲ್ಲಿ ಕಡಲ ನೀರುನಾಯಿ ಒಂದು ಹಿನ್ನೀರನ್ನೇ ಉಳಿಸಿದೆ.

ಇದು ಕ್ಯಾಲಿಫೋರ್ನಿಯಾದ ಎಲ್ಕ್‌ಹಾರ್ನ್ ಸ್ಲೂ, ಮಾಂಟೆರೇ ಕೊಲ್ಲಿಯಿಂದ ಸುಮಾರು 11 ಕಿ.ಮೀ. ಒಳನಾಡಿಗೆ ಚಾಚಿದ ಉಪ್ಪುನೀರು. ತುಪ್ಪಳದ ಆಸೆಗೆ ಬೇಟೆಯಾಡಿ ಈ ಕರಾವಳಿಯಲ್ಲಿ ಈ ಪ್ರಾಣಿಯ ಕುಲವೇ ಅಳಿಯಿತು ಅಂದುಕೊಂಡಿದ್ದಾಗ, 1938ರಲ್ಲಿ ಬಿಗ್ ಸರ್ ಕಡಲಂಚಿನಲ್ಲಿ ಐವತ್ತರಷ್ಟು ಕಣ್ಣಿಗೆ ಬಿದ್ದವು. ಅವುಗಳ ಸಂತತಿ ಈ ಹಿನ್ನೀರು ಹೊಕ್ಕಿದ್ದು 1984ರಲ್ಲಿ.

ನಾನು ಬಂದದ್ದು ಇಲ್ಲಿ ನೀರಿನಡಿ ಬೆಳೆಯುವ ಕಡಲಹುಲ್ಲು ನೋಡಲು. ಕಡಲಿಳಿದು ನೀರು ತಗ್ಗಿದಂತೆ ರಿಬ್ಬನ್ನಿನಂಥ ಎಲೆಗಳು ಒಂದೇ ದಿಕ್ಕಿಗೆ ಬಾಗಿ ಕಾಣಿಸಿಕೊಂಡವು. ಲೆಕ್ಕ ಹಾಕಿದರೆ ಈ ಹುಲ್ಲು ಸತ್ತೇಹೋಗಬೇಕಿತ್ತು. ಸುತ್ತಲಿನ ಸ್ಟ್ರಾಬೆರಿ, ತರಕಾರಿ ಹೊಲಗಳ ಗೊಬ್ಬರ ತೊಳೆದು ಇಲ್ಲಿಗೇ ಬರುತ್ತದೆ. ಪಾಚಿ ಕೊಬ್ಬಿ ಎಲೆಗೆ ಮೆತ್ತಿಕೊಂಡು ಬಿಸಿಲು ತಡೆಯುತ್ತದೆ. ಆ ಪಾಚಿಯನ್ನು ಮೇಯುವುದು ಬಸವನಹುಳುವಿನ ಜಾತಿಯ ಒಂದು ಪುಟ್ಟ ಹುಳು. ಹುಳುವನ್ನು ಏಡಿ ತಿನ್ನುತ್ತದೆ, ಏಡಿಯನ್ನು ನೀರುನಾಯಿ. ತಣ್ಣೀರಲ್ಲಿ ಬದುಕಿದರೂ ಅದರ ಮೈಯಲ್ಲಿ ಕೊಬ್ಬಿನ ಹೊದಿಕೆ ಇಲ್ಲ. ಬೆಚ್ಚಗಿರಲು ದಿನಕ್ಕೆ ತನ್ನ ತೂಕದ ಕಾಲುಭಾಗದಷ್ಟು ತಿನ್ನಲೇಬೇಕು. ಆ ಹಸಿವೇ ಏಡಿಗಳನ್ನು ಹದ್ದುಬಸ್ತಿನಲ್ಲಿ ಇಟ್ಟಿದೆ. ಸಂಶೋಧಕ ಬ್ರೆಂಟ್ ಹ್ಯೂಸ್ ಮತ್ತು ಸಂಗಡಿಗರು 2013ರಲ್ಲಿ ಈ ನಂಟನ್ನು ಎಳೆಎಳೆಯಾಗಿ ಬಿಡಿಸಿ ತೋರಿಸಿದರು. ಹುಲ್ಲನ್ನು ಮೂಸಿಯೂ ನೋಡದ ಪ್ರಾಣಿ ಹುಲ್ಲುಗಾವಲಿಗೆ ಕಾವಲು ನಿಂತಿದೆ ಅನ್ನುವುದು ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುವ ಸಂಗತಿ.

ಈ ನಂಟಿನ ಬಲೆ ಅಷ್ಟಕ್ಕೇ ನಿಂತಿಲ್ಲ. ದಂಡೆಯ ಜೌಗಿನಲ್ಲಿ ಬೇರೊಂದು ಏಡಿ ಬಿಲ ತೋಡಿ, ಗಿಡಗಳ ಬೇರು ಕಡಿದು ಮಣ್ಣು ಸಡಿಲಿಸುತ್ತದೆ. ನೀರುನಾಯಿಗಳು ಅದನ್ನೂ ಹಿಡಿಯತೊಡಗಿದ ಮೇಲೆ ದಂಡೆಯ ಕುಸಿತ ನಿಧಾನವಾಯಿತೆಂದು 2024ರಲ್ಲಿ ತಿಳಿದುಬಂತು.

ಮಂಜು ಸರಿಯಿತು. ನೀರುನಾಯಿ ಒಮ್ಮೆ ಮುಳುಗಿ, ಏಡಿ ಹಿಡಿದು ಎದ್ದಿತು. ಅಷ್ಟು ದೂರಕ್ಕೂ ಕಾಲು ಮುರಿಯುವ ಸದ್ದು ಕೇಳಿಸುತ್ತಿತ್ತು. ನಾನು ಬಗ್ಗಿ ಕಯಾಕ್‌ನ ಪಕ್ಕದ ನೀರೊಳಗೆ ನೋಡಿದೆ. ಒಂದೇ ಒಂದು ಎಲೆ, ತೊಳೆದಿಟ್ಟಷ್ಟು ಹಸಿರು. ಅದರ ಮೇಲೆ ಎಲೆಯದೇ ಬಣ್ಣದ, ಮೈತುಂಬ ಕಪ್ಪು ಗೆರೆಯ ಹುಳುವೊಂದು ಮೆಲ್ಲಗೆ ಮೇಯುತ್ತಿತ್ತು.