ಬಳ್ಳಿಗಾವೆಯ ಶಾಂತಿನಾಥಕವಿ

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ ಶಿರಾಳಕೊಪ್ಪವು ಸಿಕ್ಕುವುದು. ಅದರ ಸಮೀಪದಲ್ಲಿಯೇ ಬಳ್ಳಿಗಾವೆಯುಂಟು. ಯಾತ್ರಿಕರು ಇಲ್ಲಿ ಕೇದಾರೇಶ್ವರನ ದರ್ಶನ ಮಾಡಿ, 1047ರ ಗಂಡಭೇರುಂಡಸ್ತಂಭವನ್ನು ನೋಡಿ, ಅಲ್ಲಮಪ್ರಭುವನ್ನು ಸ್ಮರಿಸಿ, ಅಕ್ಕಮಹಾದೇವಿಯ ಉಡುತಡಿಗೆ ತೆರಳುವರು. ಆ ಶರಣರಿಗಿಂತ ಸುಮಾರು ಒಂದು ಶತಮಾನ ಮೊದಲೇ ಈ ಊರಿನೊಡನೆ ಬೆಸೆದುಕೊಂಡ ಕಥಾಕವಿ ಶಾಂತಿನಾಥನನ್ನು ನೆನೆಯುವವರು ವಿರಳ.

ಕಾದಂಬರಿಯೆಂಬ ಪ್ರಕಾರವು ಕನ್ನಡದಲ್ಲಿ ಮೂಡುವುದಕ್ಕೆ ಎಂಟು ಶತಮಾನಗಳ ಹಿಂದೆಯೇ ದೀರ್ಘವಾದ ಕಥೆಯೊಂದನ್ನು ಹೆಣೆದವನು ಈತ. ಚಾಲುಕ್ಯ ಚಕ್ರವರ್ತಿ ಭುವನೈಕಮಲ್ಲನ ಕಾಲದಲ್ಲಿ ಬನವಾಸಿನಾಡನ್ನಾಳುತ್ತಿದ್ದ ಲಕ್ಷ್ಮನೃಪನಲ್ಲಿ ಈತನು ಹಿರಿಯ ಅಧಿಕಾರಿ. ತಂದೆ ಗೋವಿಂದರಾಜ, ಗುರು ವರ್ಧಮಾನವ್ರತಿ. 1068ರ ಬಳ್ಳಿಗಾವೆಯ ಶಾಸನವು ಇವನನ್ನು ಸಹಜಕವಿ, ಸರಸ್ವತೀಮುಖಮುಕುರ ಎಂದು ಹೊಗಳುವುದು. ಊರಿನಲ್ಲಿ ಮರದಿಂದ ಕಟ್ಟಿದ್ದ ಶಾಂತಿನಾಥ ಬಸದಿಯು ಕಲ್ಲಿನದಾಗಲೆಂದು ಇವನೇ ಒಡೆಯನಲ್ಲಿ ಬಿನ್ನವಿಸಿದನಂತೆ. ಮಲ್ಲಿಕಾಮೋದ ಶಾಂತಿನಾಥಬಸದಿಯು ಹಾಗೆ ಎದ್ದುನಿಂತಿತು.

ಅವನು ರಚಿಸಿದ ಚಂಪೂಕಾವ್ಯ 'ಸುಕುಮಾರಚರಿತಂ'. ವಡ್ಡಾರಾಧನೆಯ ಮೊದಲ ಕಥೆಯೂ ಈ ಸುಕುಮಾರಸ್ವಾಮಿಯದೇ. ಮಗನು ಮುನಿಯನ್ನು ಕಂಡರೆ ಸಂನ್ಯಾಸಿಯಾಗುವನೆಂದು ತಿಳಿದ ಉಜ್ಜಯಿನಿಯ ಯಶೋಭದ್ರೆಯು ಋಷಿಗಳು ಮನೆಯತ್ತ ಸುಳಿಯದಂತೆ ಮಾಡುವಳು. ರತ್ನದ ಬೆಳಕಿನಲ್ಲಿಯೇ ಬೆಳೆದ ಆ ಕುಮಾರನಿಗೆ ದೀಪದ ಕುಡಿಯನ್ನು ನೋಡಿದರೂ ಕಣ್ಣೀರು! ಆದರೆ ಧ್ವನಿಗೆ ತಡೆಯುಂಟೆ? ಸಮೀಪದಲ್ಲಿ ತಂಗಿದ್ದ ಮುನಿಯ ಪಾಠವು ಕಿವಿಗೆ ಬೀಳಲು ಪೂರ್ವಜನ್ಮದ ಸ್ಮರಣೆಯುಂಟಾಗಿ, ಅವನು ಮನೆಯನ್ನು ಬಿಟ್ಟು ತಪಸ್ಸಿಗೆ ನಿಲ್ಲುವನು. ಅಲ್ಲಿ ನರಿಯೊಂದು ಮರಿಗಳೊಡನೆ ಬಂದು ಅವನ ದೇಹವನ್ನು ತಿನ್ನುವುದು, ಅವನು ಅಲುಗಾಡನು. ಆ ನರಿಯೇ ಹಿಂದಿನ ಜನ್ಮದಲ್ಲಿ ಅವನಿಂದ ಒದೆಸಿಕೊಂಡ ಅತ್ತಿಗೆ! ಕೋಪದಲ್ಲಿ ಎತ್ತಿದ ಒಂದು ಕಾಲು ಎಷ್ಟು ದೂರ ಬೆನ್ನಟ್ಟಿತೆಂಬುದನ್ನು ಗೃಹಸ್ಥರಾದವರು ಯೋಚಿಸತಕ್ಕದ್ದು. ಮಕ್ಕಳ ಮೇಲಿನ ಮಮತೆಯಿಂದ ಬಾಗಿಲು ಮುಚ್ಚುವ ತಾಯಂದಿರಿಗೂ ಇಲ್ಲಿ ಮಾತುಂಟು.

ಇಂತಹ ಕಥೆಗೆ ಕಿವಿಗೊಡುವವರು ಈ ಸೀಮೆಯಲ್ಲಿ ಆಗ ಅನೇಕರಿದ್ದಿರಬೇಕು. ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿಯೂ ಅದೇ ಶತಮಾನದಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿಯು ಪಾರ್ಶ್ವನಾಥನ ಬಸದಿಯನ್ನು ಮಾಡಿಸಿದಳು. ಇಂದು ಅಲ್ಲಿಗೆ ಹೋಗುವವರ ಕಣ್ಣನ್ನು ಮೊದಲು ಸೆಳೆಯುವುದು ಕೈಟಭೇಶ್ವರನ ಆಲಯ.

ಮರವು ನಶ್ವರವೆಂದು ಶಾಂತಿನಾಥನು ಕಲ್ಲನ್ನು ಬಯಸಿದನು. ಕಾಲಕ್ರಮದಲ್ಲಿ ಆ ಕಲ್ಲಿನ ಬಸದಿಯೂ ಅಳಿಯಿತು. ಕಾವ್ಯವಾದರೋ ಓಲೆಗರಿಗಳಲ್ಲಿ ಉಳಿದು, ಡಿ. ಎಲ್. ನರಸಿಂಹಾಚಾರ್ಯರೂ ಟಿ. ಎಸ್. ಶಾಮರಾಯರೂ ಸಂಪಾದಿಸಲು, 1954ರಲ್ಲಿ ಶಿವಮೊಗ್ಗದ ಕರ್ನಾಟಕ ಸಂಘದಿಂದ ಅಚ್ಚಾಯಿತು. ಪ್ರತಿಮಾಡಿದ ಕೈಗಳು ಒಂದು ತಲೆಮಾರು ಸೋಮಾರಿಯಾಗಿದ್ದರೂ ಸಾಕಿತ್ತು, ಅದೂ ಮಣ್ಣುಪಾಲಾಗುತ್ತಿತ್ತು. ಇನ್ನು ಓದುವ ಹೊಣೆ ನಮ್ಮದು. ಬಳ್ಳಿಗಾವೆಗೆ ಮಕ್ಕಳೊಡನೆ ಹೋಗುವ ವಾಚಕರು ಕೇದಾರೇಶ್ವರನ ಅಂಗಳದಲ್ಲಿ ಅರೆಗಳಿಗೆ ಕುಳಿತು ಅವರಿಗೆ ಸುಕುಮಾರನ ಕಥೆಯನ್ನು ಹೇಳಲಿ.