ಕುಮುದ್ವತಿಯ ತವರು

ಬೆಂಗಳೂರಿನಿಂದ ತುಮಕೂರಿನ ಹೆದ್ದಾರಿಯಲ್ಲಿ ನೆಲಮಂಗಲವನ್ನು ದಾಟಿ, ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ದಕ್ಷಿಣಕಾಶಿಯೆಂದು ಪ್ರಸಿದ್ಧವಾದ ಶಿವಗಂಗೆಯ ಬೆಟ್ಟವು ಎದುರಾಗುವುದು. ಇಲ್ಲಿಯ ಒಳಕಲ್ಲು ತೀರ್ಥದಲ್ಲಿ ಯಾತ್ರಿಕರು ಕೈಯಿಳಿಸಿ, ನೀರು ಸಿಕ್ಕಿತೇ ಎಂದು ತಮ್ಮ ಭಾಗ್ಯವನ್ನು ಪರೀಕ್ಷಿಸಿಕೊಳ್ಳುವರು. ಇದೇ ಬೆಟ್ಟದ ಸೀಮೆಯಲ್ಲಿ ಕುಮುದ್ವತೀ ನದಿಯ ಜನನ.

ಈ ನದಿಯು ನೆಲಮಂಗಲದ ತಾಲ್ಲೂಕನ್ನು ಹಾದು, ನಂದಿಬೆಟ್ಟದಿಂದ ಬರುವ ಅರ್ಕಾವತಿಯನ್ನು ತಿಪ್ಪಗೊಂಡನಹಳ್ಳಿಯಲ್ಲಿ ಕೂಡುವುದು. 1933ರಲ್ಲಿ ಅಲ್ಲಿ ಸಿದ್ಧವಾದ ಜಲಾಶಯವು ಬಹುಕಾಲ ಬೆಂಗಳೂರಿನ ದಾಹವನ್ನು ತಣಿಸಿತು. ಇಂದು ಕುಮುದ್ವತಿಯ ಪಾತ್ರವು ವರ್ಷದ ಹೆಚ್ಚು ಕಾಲ ಒಣಗಿರುವುದು. ಮಳೆಯೇ ಕಡಿಮೆಯಾಯಿತೆಂದು ಜನರು ಹೇಳುವುದುಂಟು. ಆದರೆ ಅರ್ಕಾವತಿಯ ಸೀಮೆಯನ್ನು ಶೋಧಿಸಿದ ವಿದ್ವಾಂಸರು, ಮಳೆಯ ಮೊತ್ತವು ಇಳಿದಿಲ್ಲವೆಂದೂ, ಕೊಳವೆಬಾವಿಗಳೂ ನೀಲಗಿರಿ ತೋಪುಗಳೂ ಭೂಗರ್ಭದ ನೀರನ್ನು ಹೀರಿದುವೆಂದೂ 2015ರಲ್ಲಿ ತಿಳಿಸಿದರು.

ಜಲಾಶಯದ ರಕ್ಷಣೆಗಾಗಿ ಸರ್ಕಾರವು 2003ರಲ್ಲಿ ಈ ಜಲಾನಯನ ಪ್ರದೇಶದ ಕಟ್ಟಡಗಳಿಗೂ ಕಾರ್ಖಾನೆಗಳಿಗೂ ನಿರ್ಬಂಧ ವಿಧಿಸಿ, 2019ರಲ್ಲಿ ಅದನ್ನು ಸಡಿಲಿಸಿತು. ಇಲ್ಲಿಯೇ ವಿವಾದದ ಮೂಲವಿರುವುದು. ನಿರ್ಬಂಧ ತಮಗೆ, ನೀರು ನಗರಕ್ಕೆ. ಇದೆಂತಹ ನ್ಯಾಯವೆಂಬುದು ಮೇಲಣ ಹಳ್ಳಿಗರ ಪ್ರಶ್ನೆ. ಮೇಲೆ ಕೆಡಿಸಿದ ನೀರನ್ನು ತಾವು ಕುಡಿಯುವುದೆಂತೆಂಬುದು ಕೆಳಗಣ ನಗರವಾಸಿಗಳ ಪ್ರಶ್ನೆ. ಎರಡೂ ತಳ್ಳಿಹಾಕತಕ್ಕ ಮಾತುಗಳಲ್ಲ.

ಇದಕ್ಕೆ ಪರಿಹಾರವು ನಮ್ಮ ಹಳೆಯ ಕೆರೆಗಳ ಪದ್ಧತಿಯಲ್ಲಿಯೇ ಉಂಟು. ಕೆರೆಯ ತೂಬನ್ನು ತೆರೆದು ಮುಚ್ಚುವುದಕ್ಕೆ ನೀರುಗಂಟಿಯೆಂಬವನಿದ್ದನು. ನೀರು ಸಾಲದ ವರ್ಷ ಅವನು ಗದ್ದೆಗಳಿಗೆ ಸರದಿಯಿಂದ ಹಾಯಿಸುವನು. ಸುಗ್ಗಿಯಲ್ಲಿ ರೈತರು ಅವನಿಗೆ ಧಾನ್ಯವನ್ನು ಅಳೆಯುವರು. ನೀರಿನ ಫಲವನ್ನುಂಡವರು ನೀರನ್ನು ಕಾದವನಿಗೆ ಪಾಲು ಕೊಡಬೇಕೆಂಬುದೇ ಇದರ ತತ್ತ್ವ. ಇಂದು ಕುಮುದ್ವತಿಯ ದಡದ ರೈತರೇ ನಗರದ ನೀರುಗಂಟಿಗಳು. ನೀಲಗಿರಿಯನ್ನು ಬಿಟ್ಟು ರಾಗಿ, ಅವರೆಗಳನ್ನು ಬೆಳೆಯುವವನಿಗೂ, ಕೊಳವೆಬಾವಿಯನ್ನು ಮಿತವಾಗಿ ಬಳಸುವವನಿಗೂ ನಗರದ ನೀರಿನ ತೆರಿಗೆಯಿಂದ ಒಂದಂಶ ಸಲ್ಲುವುದಾದರೆ, ನಿರ್ಬಂಧವು ದಂಡವೆನಿಸದೆ ಒಪ್ಪಂದವೆನಿಸುವುದು. 2013ರಿಂದ ಈ ಕಣಿವೆಯಲ್ಲಿ ಸ್ವಯಂಸೇವಕರು ಇಂಗುಬಾವಿಗಳನ್ನು ತೋಡಿಸುತ್ತ ಬಂದುದು ಶ್ಲಾಘ್ಯ. ಆದರೆ ಬರಿಯ ಸೇವೆಯಿಂದ ನ್ಯಾಯದ ಪ್ರಶ್ನೆಯು ತೀರದು.

ಬಾಗಿಲ ಬಳಿಯ ನದಿಯನ್ನು ಕಾಯದ ಬೆಂಗಳೂರು, ಸುಮಾರು 100 ಕಿಲೋಮೀಟರು ದೂರದಿಂದ ಕಾವೇರಿಯನ್ನು ಎತ್ತಿ ತರುತ್ತಲಿದೆ. ಆ ಕಾವೇರಿಗಾಗಿ ಮೈಸೂರೂ ಮದರಾಸೂ 1892ರಲ್ಲಿ ಮಾಡಿಕೊಂಡ ಒಪ್ಪಂದದಿಂದ ಹಿಡಿದು 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನವರೆಗೆ ಎಷ್ಟು ವ್ಯಾಜ್ಯ ನಡೆಯಿತೆಂಬುದನ್ನು ವಾಚಕರು ಬಲ್ಲರು. ಕೆರೆ ಬಾವಿಗಳನ್ನು ಕಟ್ಟಿಸುವುದನ್ನು ಹಿರಿಯರು ಪೂರ್ತವೆಂಬ ಪುಣ್ಯಕರ್ಮದಲ್ಲಿ ಎಣಿಸಿದರು. ಕಟ್ಟಿದುದನ್ನು ಹಂಚಿಕೊಂಡು ಬಾಳುವುದು ಅದಕ್ಕಿಂತ ಕಡಿಮೆಯ ಪುಣ್ಯವಲ್ಲ.